ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ

ತಿಪ್ಪೇರುದ್ರಸ್ವಾಮಿಯವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿ, ಅಲ್ಲಿಯೇ ಐಕ್ಯರಾದ ವೀರಶೈವ ಸಂತರು. ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದವರೆಂದೂ, ದುಡಿಮೆಗೆ ತಕ್ಕ ಪ್ರತಿಫಲವೆಂಬ ತತ್ತ್ವವನ್ನು ಆಚರಣೆಗೆ ತಂದವರೆಂದೂ ಪ್ರಸಿದ್ಧರಾಗಿದ್ದಾರೆ. ಭಕ್ತರು ಇವರನ್ನು ತಿಪ್ಪೇಶ, ತಿಪ್ಪೇರುದ್ರೇಶ್ವರ ಎಂದೂ ಕರೆಯುತ್ತಾರೆ.

ಹಿನ್ನೆಲೆ

ಮಧ್ಯ ಕರ್ನಾಟಕದಲ್ಲಿ ಪಂಚಗಣಾಧೀಶ್ವರರೆಂದು ಪೂಜಿಸಲ್ಪಡುವ ಐವರಲ್ಲಿ ಇವರು ಒಬ್ಬರು. ಕೊಟ್ಟೂರಿನ ಕೊಟ್ಟೂರೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಹರಪನಹಳ್ಳಿಯ ಕೆಂಪೇಶ್ವರ ಹಾಗೂ ಅರಸೀಕೆರೆಯ ಕೋಲಶಾಂತೇಶ್ವರ ಉಳಿದ ನಾಲ್ವರು. ಈ ಅರಸೀಕೆರೆ ಹರಪನಹಳ್ಳಿ ತಾಲ್ಲೂಕಿನದು, ಹಾಸನ ಜಿಲ್ಲೆಯದಲ್ಲ.

ಸ್ವಾಮಿಗಳು ಬಂದು ನೆಲೆಸಿದಾಗ ನಾಯಕನಹಟ್ಟಿಯು ಪಾಳೆಯಗಾರರ ಆಳ್ವಿಕೆಯಲ್ಲಿತ್ತು. ಹಟ್ಟಿ ಎಂಬ ಮಾತೇ ಸೂಚಿಸುವಂತೆ ಇದು ದನಗಾಹಿಗಳ ನೆಲೆ. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮ್ಯಾಸಬೇಡರು ಇಂದಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ. ಊರಿಗೆ ಬಂದ ಸ್ವಾಮಿಗಳು ಮೊದಲು ಮಾರಮ್ಮನ ಗುಡಿಯಲ್ಲಿ ಆಶ್ರಯ ಪಡೆದರೆಂದು ಐತಿಹ್ಯವಿದೆ. ಬಡಭಕ್ತ ಫಣಿಯಪ್ಪನ ಸತ್ತ ಎಮ್ಮೆಯನ್ನು ಬದುಕಿಸಿದರೆಂಬುದು ಅವರ ಪವಾಡಗಳಲ್ಲಿ ಹೆಚ್ಚು ಪ್ರಚಲಿತವಾದುದು.

ಕೆರೆಗಳ ನಿರ್ಮಾಣ

ಪವಾಡಗಳಿಗಿಂತ ಸ್ವಾಮಿಗಳ ವ್ಯಕ್ತಿತ್ವವನ್ನು ಸ್ಪಷ್ಟವಾಗಿ ತೋರಿಸುವುದು ಅವರ ಕೆರೆಗಳು. ಚಳ್ಳಕೆರೆಯು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಪಶ್ಚಿಮ ಘಟ್ಟಗಳನ್ನು ದಾಟಿ ಬರುವ ಮುಂಗಾರು ಇಲ್ಲಿಗೆ ತಲಪುವಷ್ಟರಲ್ಲಿ ಬರಿದಾಗಿರುತ್ತದೆ, ಹಿಂಗಾರಿನದೂ ಭರವಸೆಯಿಲ್ಲ. ವರ್ಷದಲ್ಲಿ ಕೆಲವೇ ದಿನ ರಭಸದಿಂದ ಸುರಿಯುವ ನೀರನ್ನು ಹರಿದುಹೋಗದಂತೆ ತಡೆದು ನಿಲ್ಲಿಸುವುದೊಂದೇ ಇಲ್ಲಿ ಉಳಿದಿದ್ದ ದಾರಿ. ಏರಿ, ತೂಬು, ಕೋಡಿಗಳುಳ್ಳ ಕೆರೆಯೊಂದು ತುಂಬಿದರೆ ಅಚ್ಚುಕಟ್ಟಿನ ಗದ್ದೆಗೆ ನೀರು ದೊರೆಯುವುದಲ್ಲದೆ ಸುತ್ತಲಿನ ಬಾವಿಗಳಲ್ಲಿಯೂ ಸೆಲೆ ಏರುತ್ತದೆ. ದನಕರುಗಳಿಗೆ ಬೇಸಿಗೆ ಕಳೆಯುತ್ತದೆ.

ಸ್ವಾಮಿಗಳು ಈ ಭಾಗದಲ್ಲಿ ಐದು ಕೆರೆಗಳನ್ನು ಕಟ್ಟಿಸಿದರೆಂಬುದು ಪರಂಪರೆಯ ನಂಬಿಕೆ. ನಾಯಕನಹಟ್ಟಿಯ ದೊಡ್ಡಕೆರೆ ಮತ್ತು ಚಿಕ್ಕಕೆರೆ ಅವುಗಳಲ್ಲಿ ಸೇರಿವೆ. ಮಣ್ಣು ಹೊತ್ತವರಿಗೆ ಅವರವರು ಮಾಡಿದಷ್ಟಕ್ಕೆ ಸರಿಯಾಗಿ ಕೂಲಿ ಸಲ್ಲುತ್ತಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲವೆಂದು ಜನ ನೆನೆಯುತ್ತಾರೆ. ಅವರ ಹೆಸರಿನಲ್ಲಿ ಮನೆಮಾತಾಗಿರುವ ಉಕ್ತಿಯೂ ಭಿಕ್ಷೆಯನ್ನು ಮಾಡಿದ ಕೆಲಸಕ್ಕೆ ಗಂಟು ಹಾಕುತ್ತದೆ. ಜಂಗಮನ ಭಿಕ್ಷೆಯು ಭಕ್ತನ ಪುಣ್ಯವೆಂದು ತಿಳಿದಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಕೆರೆ ಕಟ್ಟುವುದನ್ನು ಧರ್ಮಕಾರ್ಯವೆಂದು ಭಾವಿಸಿದ 12ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನ ದಾರಿ ಇದು. ಕ್ಷಾಮದ ಊರಿನಲ್ಲಿ ಕೆರೆಯ ಕೆಲಸವೆಂದರೆ ಮುಂದಿನ ವರ್ಷದ ನೀರು ಮಾತ್ರವಲ್ಲ, ಆ ದಿನದ ಅನ್ನವೂ ಹೌದೆಂಬುದನ್ನು ಗಮನಿಸಬೇಕು.

ಮಠಗಳು ಮತ್ತು ಜಾತ್ರೆ

ಊರೊಳಗೆ ಒಳಮಠ, ಹೊರಗೆ ಹೊರಮಠ ಎಂಬ ಎರಡು ದೇವಾಲಯಗಳಿವೆ. ಹೊರಮಠವು ಸ್ವಾಮಿಗಳ ಐಕ್ಯಸ್ಥಳ. ದೇವಾಲಯವು ಮುಜರಾಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ.

ಫಾಲ್ಗುಣ ಮಾಸದಲ್ಲಿ ಚಿತ್ತಾ ನಕ್ಷತ್ರದಂದು ದೊಡ್ಡ ರಥೋತ್ಸವ ನಡೆಯುತ್ತದೆ. ಕರ್ನಾಟಕದ ನಾನಾ ಭಾಗಗಳಿಂದಲೂ ನೆರೆಯ ಆಂಧ್ರಪ್ರದೇಶದಿಂದಲೂ ಭಕ್ತರು ಜಾತಿಭೇದವಿಲ್ಲದೆ ಸೇರುತ್ತಾರೆ. ಹರಕೆ ಹೊತ್ತವರು ಒಣಕೊಬ್ಬರಿಯನ್ನು ಸುಟ್ಟು ಅರ್ಪಿಸುವುದು ಈ ಜಾತ್ರೆಯ ವಿಶೇಷ. ತೇರು ಎಳೆಯುವ ಮುನ್ನ ಮುಕ್ತಿಬಾವುಟವನ್ನು ಹರಾಜು ಹಾಕಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಲಕ್ಷಾಂತರ ರೂಪಾಯಿಗೆ ಹೋಗುತ್ತಿದೆ.

ಹೆಸರಿನ ಬಳಕೆ

ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹೇರಳ. 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸ ಎಚ್. ತಿಪ್ಪೇರುದ್ರಸ್ವಾಮಿಯವರು ಬೇರೆಯವರು.