ಅಭಿಮಾನಮೇರು ಪುಷ್ಪದಂತ

ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಮೂರನೆಯ ಕೃಷ್ಣನು ಆಳುತ್ತಿದ್ದಾಗ ಬಡಕಲು ಮೈಯ ಕವಿಯೊಬ್ಬನು ಬಹುದೂರ ನಡೆದು ಬಳಲಿ, ಈ ನಗರದ ಹೊರಗಿನ ತೋಪಿನಲ್ಲಿ ತಂಗಿದನು. ಅವನೇ ಪುಷ್ಪದಂತ. ಕೇಶವಭಟ್ಟ, ಮುಗ್ಧಾದೇವಿಯರ ಮಗನಾದ ಈತನು ಶೈವ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಅನಂತರ ಜೈನಧರ್ಮವನ್ನು ಅವಲಂಬಿಸಿದವನು. ಅರಸರ ಸಹವಾಸದಿಂದ ನೊಂದಿದ್ದ ಕವಿ, ಇಬ್ಬರು ಪುರಜನರು ಬಂದು ಕರೆದರೂ ಊರೊಳಗೆ ಕಾಲಿಡಲು ಒಪ್ಪಲಿಲ್ಲ. ದುರ್ಜನರ ಮುಖ ನೋಡುವುದಕ್ಕಿಂತ ಬೆಟ್ಟದಲ್ಲಿ ಸಾಯುವುದೇ ಲೇಸೆಂದು ಅವನ ಹಟ. ಅಭಿಮಾನಮೇರು ಎಂಬ ಬಿರುದು ಅವನಿಗೆ ಸುಮ್ಮನೆ ಬಂದುದಲ್ಲ! ಕಡೆಗೆ ಮಂತ್ರಿ ಭರತನ ಸೌಜನ್ಯಕ್ಕೆ ಮಣಿದು ಅವನ ಮನೆಯಲ್ಲಿ ನೆಲೆಸಿದನು.

ಅಲ್ಲಿ ಕ್ರಿ.ಶ. 959ರಲ್ಲಿ ‘ಮಹಾಪುರಾಣ’ವನ್ನು ಆರಂಭಿಸಿದನು. ಜಿನಸೇನ, ಗುಣಭದ್ರರು ಸಂಸ್ಕೃತದಲ್ಲಿ ಹೇಳಿದ್ದ 63 ಮಹಾಪುರುಷರ ಕಥೆಗಳನ್ನು ಈತನು ಜನರ ಆಡುಮಾತಿಗೆ ಹತ್ತಿರವಾದ ಅಪಭ್ರಂಶದಲ್ಲಿ ಹಾಡಿದನು. ನಡುವೆ ಮನಸ್ಸು ಮುದುಡಿ ಬರವಣಿಗೆ ನಿಂತಿತು. ಸರಸ್ವತಿ ಕನಸಿನಲ್ಲಿ ಕಾಣಿಸಿಕೊಂಡಳಂತೆ. ಭರತನೂ ಬಿಡದೆ ಬೇಡಿಕೊಂಡನು. 965ರಲ್ಲಿ 102 ಸಂಧಿಗಳ ಕಾವ್ಯ ಪೂರ್ಣವಾಯಿತು.

ಆದರೆ 972ರಲ್ಲಿ ಮಾಳವದ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಆಸರೆಯಾಗಿದ್ದ ನಗರ ಉರಿದುಹೋದಾಗ, ಇನ್ನು ತಾನು ಬಾಳುವುದೆಲ್ಲಿ ಎಂದು ಕವಿ ಮರುಗಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಜನ್ಮಜನ್ಮಗಳಲ್ಲಿ ಅಲೆದ ಯಶೋಧರನ ಕಥೆಯನ್ನೂ ಈತನು ಬರೆದಿದ್ದಾನೆ. 1209ರಲ್ಲಿ ಜನ್ನನು ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿದನು. ಆ ಕೃತಿಯ ಕೊನೆಯಲ್ಲಿ ಪುಷ್ಪದಂತನು ಘೋರವಾದ ಬರಗಾಲವೊಂದನ್ನು ವರ್ಣಿಸಿ, ಅಂತಹ ದಿನಗಳಲ್ಲಿ ತನಗೆ ಅನ್ನವಸ್ತ್ರವಿತ್ತು ಕಾಪಾಡಿದ ಭರತನ ಮಗ ನನ್ನನನ್ನು ನೆನೆದಿದ್ದಾನೆ.