ಡೆನಿಸ್ ರಿಚಿ ಮತ್ತು ಆ ಒಂದು ಬಿಟ್

ಡೆನಿಸ್ ರಿಚಿ ಅಂದ ತಕ್ಷಣ ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ನೆನಪಾಗೋದು ಸಿ ಲ್ಯಾಂಗ್ವೇಜ್. ವೈವಾದಲ್ಲಿ ಸಿ ಕಂಡುಹಿಡಿದವರು ಯಾರು ಅಂತ ಕೇಳ್ತಾರೆ, ನಾವು ಹೆಸರು ಹೇಳ್ತೀವಿ, ಒಂದು ಮಾರ್ಕ್ಸು ಬರುತ್ತೆ, ಅಲ್ಲಿಗೆ ಮುಗೀತು. ಆದರೆ ಅವರ ಹೆಸರಲ್ಲಿ ಒಂದು ಪ್ರಸಿದ್ಧ ಪೇಟೆಂಟ್ ಇದೆ. ಅದು ಸಿ ಬಗ್ಗೆ ಅಲ್ಲ, ಒಂದೇ ಒಂದು ಬಿಟ್ ಬಗ್ಗೆ. ಒಂದೇ ಸರ್ವರ್ ಮೇಲೆ ನೂರು ಜನರ ವೆಬ್‌ಸೈಟ್ ಇದ್ದಾಗ ಒಬ್ಬರ ಸ್ಕ್ರಿಪ್ಟ್ ಇನ್ನೊಬ್ಬರ ಫೈಲಿಗೆ ಕೈ ಹಾಕದ ಹಾಗೆ ತಡೆಯೋ ಕೆಲಸಕ್ಕೂ ಅದೇ ಬಿಟ್ ಬೇಕಾಯ್ತು. ಅದಕ್ಕೇ ಈ ಸಲ ಅವರ ಜೀವನವನ್ನು ಸಿ ಕಡೆಯಿಂದ ನೋಡದೆ ಈ ಬಿಟ್‌ನ ಕಡೆಯಿಂದ ನೋಡೋಣ ಅಂತ ಹೊರಟಿದ್ದೇವೆ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮಿಟ್ ಎಂಬ ಊರಲ್ಲಿ. ಅಪ್ಪ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಸ್ವಿಚಿಂಗ್ ಸರ್ಕ್ಯೂಟ್‌ಗಳ ವಿನ್ಯಾಸದ ಬಗ್ಗೆ ಇಬ್ಬರು ಸಹೋದ್ಯೋಗಿಗಳ ಜೊತೆ ಪುಸ್ತಕ ಬರೆದವರು. ಮಗ ಹಾರ್ವರ್ಡ್‌ಗೆ ಹೋಗಿ 1963ರಲ್ಲಿ ಫಿಸಿಕ್ಸ್ ಡಿಗ್ರಿ ಮುಗಿಸಿದರು. ಆಮೇಲೆ ಅಲ್ಲೇ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಪಿಎಚ್‌ಡಿಗೆ ಸೇರಿ, 1968ರ ಹೊತ್ತಿಗೆ ಥೀಸಿಸ್ ಬರೆದೂ ಮುಗಿಸಿದರು. ಆದರೆ ಡಿಗ್ರಿ ಕೈಗೆ ಬರಲೇ ಇಲ್ಲ. ಲೈಬ್ರರಿಗೆ ಬೈಂಡ್ ಮಾಡಿಸಿದ ಪ್ರತಿ ಕೊಡಬೇಕಿತ್ತು, ಅವರು ಕೊಡಲಿಲ್ಲ ಅಂತ ಮನೆಯವರು ಹೇಳ್ತಾರೆ. ಬೈಂಡಿಂಗ್ ಖರ್ಚಿನ ತಕರಾರೋ, ಬೇಜಾರೋ, ಅಂತೂ ಪ್ರಪಂಚದ ಅತಿ ದೊಡ್ಡ ಕಂಪ್ಯೂಟರ್ ವಿಜ್ಞಾನಿಗಳಲ್ಲಿ ಒಬ್ಬರು ಡಾಕ್ಟರ್ ಆಗದೆ ಉಳಿದರು. ರೆಕಾರ್ಡ್ ಬುಕ್ ಸಬ್ಮಿಟ್ ಮಾಡೋಕೆ ಕ್ಯೂ ನಿಲ್ಲೋ ನಮಗೆ ಈ ಕಥೆ ಕೇಳಿ ಸ್ವಲ್ಪ ಖುಷಿ ಆಯ್ತು ಅಂದರೆ ತಪ್ಪು ತಿಳಿಯಬೇಡಿ.

ಅದಕ್ಕೆ ಮುಂಚೆಯೇ, 1967ರಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಬೆಲ್ ಲ್ಯಾಬ್ಸ್‌ಗೆ ಸೇರಿ ಆಗಿತ್ತು. ಆಗ ಅಲ್ಲಿ ಮಲ್ಟಿಕ್ಸ್ ಕೆಲಸ ನಡೀತಿತ್ತು. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಕಟ್ಟುತ್ತಿದ್ದ ಟೈಮ್ ಶೇರಿಂಗ್ ಸಿಸ್ಟಮ್ ಅದು. ಒಂದು ದೊಡ್ಡ ಕಂಪ್ಯೂಟರ್, ಅದಕ್ಕೆ ಹತ್ತಾರು ಟರ್ಮಿನಲ್, ಎಲ್ಲರೂ ಒಟ್ಟಿಗೆ ಕೆಲಸ ಮಾಡಬೇಕು. ಕೆಲಸ ತುಂಬಾ ಎಳೆಯಿತು, 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಗೆ ಬಂತು. ಆಗ ಕೆನ್ ಥಾಂಪ್ಸನ್ ಅವರು ಯಾರೂ ಜಾಸ್ತಿ ಬಳಸದ ಒಂದು ಪಿಡಿಪಿ-7 ಯಂತ್ರ ಹಿಡಿದು ಯುನಿಕ್ಸ್ ಶುರು ಮಾಡಿದರು. ರಿಚಿ ಜೊತೆಗೆ ಸೇರಿದರು. ಹೊಸ ಪಿಡಿಪಿ-11 ಯಂತ್ರ ಬೇಕು ಅಂತ ಕೇಳುವಾಗ ಆಪರೇಟಿಂಗ್ ಸಿಸ್ಟಮ್ ಮಾಡ್ತೀವಿ ಅನ್ನೋದಕ್ಕಿಂತ ಡಾಕ್ಯುಮೆಂಟ್ ತಯಾರಿಸೋ ವ್ಯವಸ್ಥೆ ಮಾಡಿಕೊಡ್ತೀವಿ ಅನ್ನೋ ಪ್ರಸ್ತಾಪ ಕೆಲಸ ಮಾಡಿತು. ಹಾಗಾಗಿ ಲ್ಯಾಬಿನ ಆಚೆ ಯುನಿಕ್ಸ್ ಬಳಸಿದ ಮೊದಲ ಗಿರಾಕಿಗಳು ಕಂಪನಿಯ ಪೇಟೆಂಟ್ ವಿಭಾಗದ ಟೈಪಿಸ್ಟ್‌ಗಳು. ಸಿ ಹುಟ್ಟಿದ್ದು, 1973ರಲ್ಲಿ ಯುನಿಕ್ಸ್ ಕರ್ನಲ್ ಅನ್ನೇ ಸಿ ಭಾಷೆಯಲ್ಲಿ ತಿರುಗಿ ಬರೆದದ್ದು, 1978ರಲ್ಲಿ ಬ್ರಯನ್ ಕರ್ನಿಗನ್ ಜೊತೆ ಪುಸ್ತಕ ಬಂದದ್ದು ನಿಮಗೆ ಗೊತ್ತೇ ಇದೆ, ಅದನ್ನು ಇಲ್ಲಿಗೇ ಬಿಡೋಣ.

ಈಗ ಬಿಟ್ ವಿಷಯ. ಒಂದೇ ಯಂತ್ರದಲ್ಲಿ ಹಲವರು ಕೂತರೆ ಪ್ರತಿ ಫೈಲಿಗೂ ಒಬ್ಬ ಓನರ್ ಬೇಕು, ಯಾರು ಓದಬಹುದು, ಯಾರು ಬರೆಯಬಹುದು ಅನ್ನೋ ಪರ್ಮಿಷನ್ ಬೇಕು. ಸಾಮಾನ್ಯವಾಗಿ ನಾವು ಓಡಿಸಿದ ಪ್ರೋಗ್ರಾಮ್ ನಮ್ಮ ಅಧಿಕಾರದಲ್ಲೇ ಓಡುತ್ತೆ. ಇಲ್ಲೇ ಒಂದು ತೊಡಕು. ಮೂ ಅಂತ ಒಂದು ನಂಬರ್ ಊಹಿಸೋ ಆಟ ಆಗ ಟೈಮ್ ಶೇರಿಂಗ್ ಯಂತ್ರಗಳಲ್ಲಿ ಜನಪ್ರಿಯ ಆಗಿತ್ತು. ಎಲ್ಲರ ಸ್ಕೋರೂ ಒಂದೇ ಫೈಲಿಗೆ ಬರೆಯಬೇಕು. ಆಟಗಾರನಿಗೆ ಆ ಫೈಲ್ ಬರೆಯೋ ಪರ್ಮಿಷನ್ ಕೊಟ್ಟರೆ ಅವನು ಎಡಿಟರ್ ತೆಗೆದು ತನ್ನ ಸ್ಕೋರ್ ತಾನೇ ಹೆಚ್ಚಿಸಿಕೊಳ್ತಾನೆ. ಕೊಡದಿದ್ದರೆ ಅವನು ಓಡಿಸಿದ ಆಟಕ್ಕೂ ಸ್ಕೋರ್ ಬರೆಯೋಕೆ ಆಗಲ್ಲ. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಯುನಿಕ್ಸ್ ಪ್ರಬಂಧದಲ್ಲಿ ಈ ಆಟದ ಪ್ರಸ್ತಾಪವೇ ಬರುತ್ತೆ.

ರಿಚಿ ಕೊಟ್ಟ ಉತ್ತರ ಎಷ್ಟು ಚಿಕ್ಕದು ನೋಡಿ. ಪ್ರೋಗ್ರಾಮ್ ಫೈಲಿನ ಪರ್ಮಿಷನ್‌ಗಳ ಜೊತೆ ಇನ್ನೊಂದು ಬಿಟ್ ಸೇರಿಸಿದರು. ಆ ಬಿಟ್ ಆನ್ ಇದ್ದರೆ ಪ್ರೋಗ್ರಾಮ್ ಓಡಿಸಿದವನ ಅಧಿಕಾರದಲ್ಲಿ ಓಡಲ್ಲ, ಫೈಲಿನ ಓನರ್ ಅಧಿಕಾರದಲ್ಲಿ ಓಡುತ್ತೆ. ಇದೇ ಸೆಟ್‌ಯುಐಡಿ. ದೇವಸ್ಥಾನದಲ್ಲಿ ಗರ್ಭಗುಡಿ ಒಳಗೆ ನಾವು ಹೋಗಲ್ಲ, ಹಣ್ಣುಕಾಯಿ ತಟ್ಟೆ ಅರ್ಚಕರ ಕೈಗೆ ಕೊಡ್ತೀವಿ. ಅವರು ಹೆಸರು, ನಕ್ಷತ್ರ ಕೇಳ್ಕೊಂಡು ಒಳಗೆ ಹೋಗಿ ಪೂಜೆ ಮಾಡಿ ತಟ್ಟೆ ವಾಪಸ್ ತರ್ತಾರೆ. ಒಳಗೆ ಹೋಗೋ ಹಕ್ಕು ಅವರದು, ಪೂಜೆ ನಮ್ಮ ಹೆಸರಲ್ಲಿ. ಈ ಬಿಟ್ ಇರೋ ಪ್ರೋಗ್ರಾಮೂ ಹಾಗೇ, ಓಡಿಸಿದವರು ಯಾರು ಅನ್ನೋದೂ ಅದಕ್ಕೆ ಗೊತ್ತಿರುತ್ತೆ, ಯಾರ ಅಧಿಕಾರ ಸಿಕ್ಕಿದೆ ಅನ್ನೋದೂ ಗೊತ್ತಿರುತ್ತೆ. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸೋ ಕಮಾಂಡ್ ಫೈಲನ್ನು ಲಿಸ್ಟ್ ಮಾಡಿ ನೋಡಿ, ಎಕ್ಸ್ ಇರಬೇಕಾದ ಜಾಗದಲ್ಲಿ ಎಸ್ ಅಂತ ಇರುತ್ತೆ. ಆ ಎಸ್ ರಿಚಿಯವರದು.

1973ರ ಜುಲೈನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹೋಯಿತು. ಸಾಫ್ಟ್‌ವೇರ್‌ಗೆ ಪೇಟೆಂಟ್ ಸಿಗುತ್ತೋ ಇಲ್ವೋ ಅನ್ನೋದು ಆಗ ಸ್ಪಷ್ಟ ಇರಲಿಲ್ಲ. ಹಾಗಾಗಿ ಅರ್ಜಿಯಲ್ಲಿ ಇಡೀ ಐಡಿಯಾವನ್ನು ಸರ್ಕ್ಯೂಟ್ ತರಹ, ಹಾರ್ಡ್‌ವೇರ್ ರೂಪದಲ್ಲಿ ವಿವರಿಸಿದರು. ಸ್ವಿಚಿಂಗ್ ಸರ್ಕ್ಯೂಟ್ ಪುಸ್ತಕ ಬರೆದವರ ಮಗನಿಗೆ ಇದು ಸರಿಯಾಗೇ ಇತ್ತು ಅನ್ನಿ. 1979ರ ಜನವರಿಯಲ್ಲಿ 4,135,240 ಅನ್ನೋ ನಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಬೆಲ್ ಲ್ಯಾಬ್ಸ್ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು, ಯಾರೂ ರಾಯಲ್ಟಿ ಕಟ್ಟಬೇಕಾಗಿಲ್ಲ. ನಮ್ಮ ಪ್ರಕಾರ ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳು ಎಲ್ಲ ಕಡೆ ಹಬ್ಬೋದಕ್ಕೆ ಈ ನಿರ್ಧಾರವೂ ಸಣ್ಣ ಕಾರಣ ಅಲ್ಲ.

ಇಪ್ಪತ್ತು ವರ್ಷ ಮುಂದಕ್ಕೆ ಬನ್ನಿ. ವೆಬ್ ಬಂತು, ಮೂ ಆಟದ ಪ್ರಶ್ನೆ ದೊಡ್ಡ ರೂಪದಲ್ಲಿ ವಾಪಸ್ ಬಂತು. ಯೂನಿವರ್ಸಿಟಿ ಸರ್ವರ್‌ಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಅಕೌಂಟ್, ಅವರವರ ಫೋಲ್ಡರಿನಲ್ಲಿ ಅವರವರ ಪೇಜು. ಬರೀ ಪೇಜ್ ಇದ್ದಾಗ ತೊಂದರೆ ಇಲ್ಲ, ಸ್ಕ್ರಿಪ್ಟ್ ಬಂದಾಗ ಕಷ್ಟ. ಅಪಾಚೆ ಸರ್ವರ್ ರೂಟ್ ಆಗಿ ಶುರುವಾಗಿ 80ನೇ ಪೋರ್ಟ್ ಹಿಡಿಯುತ್ತೆ, ಆದರೆ ರಿಕ್ವೆಸ್ಟ್ ನೋಡಿಕೊಳ್ಳೋ ಅದರ ಮಕ್ಕಳು ಅಧಿಕಾರ ಇಲ್ಲದ ಒಂದು ಸಾಮಾನ್ಯ ಅಕೌಂಟ್‌ನಲ್ಲಿ ಓಡ್ತವೆ. ಎಲ್ಲರ ಸ್ಕ್ರಿಪ್ಟೂ ಅದೇ ಅಕೌಂಟ್‌ನಲ್ಲಿ. ಸೀನಿಯರ್ ಒಬ್ಬರ ಸ್ಕ್ರಿಪ್ಟ್ ಡೇಟಾಬೇಸ್ ಪಾಸ್‌ವರ್ಡ್ ಇರೋ ಫೈಲ್ ಓದಬೇಕಾದರೆ ಆ ಫೈಲು ಸರ್ವರ್ ಅಕೌಂಟಿಗೆ ಕಾಣಬೇಕು. ಅದಕ್ಕೆ ಕಂಡರೆ ಜೂನಿಯರ್ ಬರೆದ ಸ್ಕ್ರಿಪ್ಟಿಗೂ ಕಾಣುತ್ತೆ, ಯಾಕಂದ್ರೆ ಅದೂ ಅದೇ ಅಕೌಂಟ್. ಅಪ್‌ಲೋಡ್ ಫೋಲ್ಡರ್ ಕೆಲಸ ಮಾಡ್ತಿಲ್ಲ ಅಂತ ಕೇಳಿದರೆ 777 ಕೊಡಿ ಅಂತ ಸಲಹೆ ಕೊಡೋರು ಇವತ್ತಿಗೂ ಇದ್ದಾರಲ್ಲ, ಆ ರೋಗದ ಮೂಲ ಇದೇ.

1997ರ ಅಪಾಚೆ 1.2ರಲ್ಲಿ ಸುಎಕ್ಸೆಕ್ ಬಂತು. ರಿಚಿ ಅದನ್ನು ಬರೆದವರಲ್ಲ, ಆದರೆ ಅದು ನಿಂತಿರೋದು ಅವರ ಬಿಟ್ ಮೇಲೆ. ಅಧಿಕಾರ ಇಲ್ಲದ ಪ್ರೋಸೆಸ್ ತಾನಾಗಿ ಇನ್ನೊಬ್ಬ ಯೂಸರ್ ಆಗೋಕೆ ಆಗಲ್ಲ, ರೂಟ್ ಮಾತ್ರ ಯಾರು ಬೇಕಾದರೂ ಆಗಬಹುದು. ಅದಕ್ಕೆ ರೂಟ್ ಓನರ್ ಆಗಿರೋ, ಎಸ್ ಬಿಟ್ ಹಾಕಿರೋ ಒಂದು ಪುಟ್ಟ ಪ್ರೋಗ್ರಾಮ್ ನಡುವೆ ನಿಲ್ಲಿಸಿದರು. ಅದು ಇಪ್ಪತ್ತರಷ್ಟು ಪರೀಕ್ಷೆ ಮಾಡುತ್ತೆ. ಕರೆದದ್ದು ಸರ್ವರ್ ಅಕೌಂಟೇ ತಾನೇ? ಸ್ಕ್ರಿಪ್ಟಿನ ಓನರ್ ಮತ್ತು ಓಡಿಸಬೇಕಾದ ಯೂಸರ್ ಒಬ್ಬರೇನಾ? ಬೇರೆಯವರು ಅದನ್ನು ತಿದ್ದೋಕೆ ಆಗುತ್ತಾ? ಆ ಯೂಸರ್ ರೂಟ್ ಅಲ್ಲ ತಾನೇ? ಒಂದು ತಪ್ಪಿದರೂ ಓಡಿಸಲ್ಲ. ಎಲ್ಲ ಸರಿ ಇದ್ದರೆ ಎನ್ವಿರಾನ್ಮೆಂಟ್ ತೊಳೆದು, ತನ್ನ ರೂಟ್ ಅಧಿಕಾರ ಬಿಟ್ಟು, ಆ ಯೂಸರ್ ಆಗಿ ಸ್ಕ್ರಿಪ್ಟ್ ಶುರು ಮಾಡುತ್ತೆ. ಈಗ ಸೀನಿಯರ್ ತಮ್ಮ ಪಾಸ್‌ವರ್ಡ್ ಫೈಲಿಗೆ 600 ಕೊಟ್ಟು ನೆಮ್ಮದಿಯಾಗಿ ಇರಬಹುದು.

ಇಷ್ಟೆಲ್ಲ ಯಾಕೆ, ಸ್ಕ್ರಿಪ್ಟ್ ಫೈಲಿಗೇ ಎಸ್ ಬಿಟ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಲಿನಕ್ಸ್ ಸ್ಕ್ರಿಪ್ಟ್‌ಗಳ ಮೇಲೆ ಆ ಬಿಟ್ ಇದ್ದರೂ ಕಣ್ಣೆತ್ತಿ ನೋಡಲ್ಲ. ಕರ್ನಲ್ ಫೈಲ್ ಪರೀಕ್ಷಿಸೋದಕ್ಕೂ ಇಂಟರ್ಪ್ರಿಟರ್ ಅದನ್ನು ತೆರೆಯೋದಕ್ಕೂ ನಡುವಿನ ಗ್ಯಾಪಿನಲ್ಲಿ ಫೈಲನ್ನೇ ಬದಲಾಯಿಸಿ ಮೋಸ ಮಾಡೋ ದಾರಿ ಇತ್ತು. ಇನ್ನೊಂದು ಮಾತು, ಸ್ವಂತ ಅಕೌಂಟ್‌ನಲ್ಲಿ ಓಡೋ ಸ್ಕ್ರಿಪ್ಟನ್ನು ಯಾರಾದರೂ ಹ್ಯಾಕ್ ಮಾಡಿದರೆ ನೆರೆಮನೆ ಉಳಿಯುತ್ತೆ, ಆದರೆ ನಿಮ್ಮ ಮನೆ ಪೂರ್ತಿ ಹೋಗುತ್ತೆ. ಇದನ್ನು ಹೇಳದೆ ಸುಎಕ್ಸೆಕ್ ಹೊಗಳೋದು ನಮಗೆ ಸರಿ ಅನ್ನಿಸಲ್ಲ. ಈಗ ಪಿಎಚ್‌ಪಿಗೆ ಎಫ್‌ಪಿಎಂ ಪೂಲ್ ಬಂದು ಪ್ರತಿ ಯೂಸರಿಗೂ ಬೇರೆ ವರ್ಕರ್ ಇರ್ತವೆ, ಮಾಸ್ಟರ್ ರೂಟ್ ಆಗಿಯೇ ಶುರುವಾಗೋದರಿಂದ ಅಲ್ಲಿ ಎಸ್ ಬಿಟ್ ಬೇಕಾಗಲ್ಲ.

ರಿಚಿಗೆ ತಮ್ಮ ಕೂಸಿನ ದೋಷ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಯುನಿಕ್ಸ್ ಸುರಕ್ಷತೆ ಬಗ್ಗೆ ಬರೆದ ಒಂದು ಚಿಕ್ಕ ಪ್ರಬಂಧದಲ್ಲಿ, ಯುನಿಕ್ಸ್ ಕಟ್ಟುವಾಗ ಸುರಕ್ಷತೆ ತಲೆಯಲ್ಲಿ ಇರಲೇ ಇಲ್ಲ ಅಂತ ನೇರವಾಗಿ ಒಪ್ಪಿಕೊಂಡು, ಸೆಟ್‌ಯುಐಡಿ ಪ್ರೋಗ್ರಾಮ್‌ಗಳನ್ನು ಎಷ್ಟು ಎಚ್ಚರದಿಂದ ಬರೆಯಬೇಕು ಅಂತ ವಿವರಿಸಿದರು. ಅರ್ಚಕರೇ ಮೋಸ ಹೋದರೆ ಗರ್ಭಗುಡಿಗೆ ಬೀಗ ಇದ್ದೂ ಪ್ರಯೋಜನ ಇಲ್ಲ. ಮುಂದೆ ಅವರದೇ ವಿಭಾಗದ ಗೆಳೆಯರು ಪ್ಲಾನ್ 9 ಅನ್ನೋ ಹೊಸ ಸಿಸ್ಟಮ್ ಕಟ್ಟಿದಾಗ ಅದರಲ್ಲಿ ರೂಟ್ ಯೂಸರೂ ಇಲ್ಲ, ಸೆಟ್‌ಯುಐಡಿ ಬಿಟ್ಟೂ ಇಲ್ಲ. ರಿಚಿ ಅದಕ್ಕೆ ಬೆಂಬಲವಾಗಿಯೇ ನಿಂತರು. ತಾನು ಪೇಟೆಂಟ್ ಪಡೆದದ್ದನ್ನು ಕಿತ್ತುಹಾಕೋ ಕೆಲಸಕ್ಕೆ ಬೆನ್ನು ತಟ್ಟೋರು ಎಷ್ಟು ಜನ ಸಿಗ್ತಾರೆ?

1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ಅಧ್ಯಕ್ಷ ಕ್ಲಿಂಟನ್ ಕೈಯಿಂದ ಪಡೆದರು. ಲಾಗಿನ್ ಹೆಸರು ಡಿಎಂಆರ್, ಕಂಪ್ಯೂಟರ್ ಲೋಕದಲ್ಲಿ ಇವತ್ತಿಗೂ ಆ ಮೂರಕ್ಷರ ಸಾಕು. ಹೆಚ್ಚು ಮಾತಾಡೋರಲ್ಲ, ಮದುವೆ ಆಗಲಿಲ್ಲ, 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ, ಒಬ್ಬರೇ ಇದ್ದಾಗ, ತೀರಿಕೊಂಡದ್ದು ಗೊತ್ತಾಯಿತು. ಆಗ ಅವರಿಗೆ 70 ವರ್ಷ. ಅದಕ್ಕೆ ಒಂದು ವಾರ ಮುಂಚೆ ಸ್ಟೀವ್ ಜಾಬ್ಸ್ ತೀರಿಹೋಗಿದ್ದರು, ಪೇಪರು ಟಿವಿ ಎಲ್ಲಾ ಆ ಸುದ್ದಿಯಲ್ಲೇ ಮುಳುಗಿದ್ದವು. ಆಪಲ್ ಯಂತ್ರಗಳ ಒಳಗೂ ಇರೋದು ಯುನಿಕ್ಸ್ ವಂಶದ ಸಿಸ್ಟಮ್. ಆ ವರ್ಷದ ಫೆಡೋರಾ 16 ಲಿನಕ್ಸ್ ರಿಚಿಯವರ ನೆನಪಿಗೆ ಅರ್ಪಣೆ ಆಯಿತು. ಬೈಂಡ್ ಆಗದೆ ಉಳಿದ ಆ ಹಾರ್ವರ್ಡ್ ಥೀಸಿಸ್ 2020ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಹೊರಗೆ ಬಂತು. ಈಗ ಯಾರು ಬೇಕಾದರೂ ಓದಬಹುದು.