ಮೇಕೆಯ ಹಾಲು ತಂದ ನೆರೆಯವರು

ಇಲ್ಲದವರಿಗೆ ಕೊಡುವುದು ಪುಣ್ಯವೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಅನ್ಯಧರ್ಮದ ನೆರೆಯವರ ಕೈಯಿಂದ ಪಡೆಯುವುದೂ ದೇವರ ಕೃಪೆಯೇ ಎಂದು ಕಲಿಸುತ್ತೇವೆಯೇ? ಸಂತ ಚಾರ್ಲ್ಸ್ ದ ಫೂಕೋ ಅವರಿಗೆ ಈ ಪಾಠ ದೊರೆತದ್ದು ಸಹಾರಾ ಮರುಭೂಮಿಯಲ್ಲಿ.

1858ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದ ಅವರು ಆರು ವರ್ಷ ತುಂಬುವ ಮೊದಲೇ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡು ಅಜ್ಜನ ಆಸರೆಯಲ್ಲಿ ಬೆಳೆದರು. ಹರೆಯದಲ್ಲಿ ವಿಶ್ವಾಸ ನಂದಿಹೋಯಿತು. ಸೈನ್ಯಾಧಿಕಾರಿಯಾಗಿ ಭೋಗಜೀವನಕ್ಕೆ ಹಣ ಸುರಿದರು. 1883-84ರಲ್ಲಿ ಯೆಹೂದ್ಯರ ವೇಷ ಧರಿಸಿ ಮೊರೊಕ್ಕೊ ದೇಶವನ್ನು ಸಂಚರಿಸಿದಾಗ ಅವರಿಗೆ ದಾರಿ ತೋರಿದವರು ಒಬ್ಬ ಯೆಹೂದ್ಯ ರಬ್ಬಿ. ಅಲ್ಲಿ ಮುಸ್ಲಿಮರು ದೇವರ ಸನ್ನಿಧಿಯಲ್ಲಿ ಬಾಗಿ ಪ್ರಾರ್ಥಿಸುವುದನ್ನು ಕಂಡು ಅವರ ಅಂತರಂಗ ಕದಲಿತು. ದೇವರ ಹುಡುಕಾಟ ಆರಂಭವಾಯಿತು. 1886ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸಂತ ಅಗಸ್ಟೀನರ ದೇವಾಲಯದಲ್ಲಿ ಹ್ಯೂವೆಲಿನ್ ಸ್ವಾಮಿಯವರ ಬಳಿ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿದರು.

ಮುಂದೆ ಅವರು ಟ್ರಾಪಿಸ್ಟ್ ಮಠವನ್ನು ಸೇರಿದರು. ಬಳಿಕ ನಜರೇತಿನ ಕನ್ಯಾಮಠವೊಂದರಲ್ಲಿ ಆಳಾಗಿ ದುಡಿದರು. 1901ರಲ್ಲಿ ಗುರುದೀಕ್ಷೆ ಪಡೆದು ಅಲ್ಜೀರಿಯಾಕ್ಕೆ ಬಂದು, 1905ರಿಂದ ತಮನ್‌ರಾಸೆಟ್ ಎಂಬ ಹಳ್ಳಿಯಲ್ಲಿ ತುವಾರೆಗ್ ಎಂಬ ಮುಸ್ಲಿಮ್ ಜನಾಂಗದ ನಡುವೆ ನೆಲೆಸಿದರು. ಅವರ ಭಾಷೆ ಕಲಿತರು, ನಿಘಂಟು ರಚಿಸಿದರು. ಫ್ರೆಂಚರ ಆಳ್ವಿಕೆಯನ್ನು ಅವರು ಒಪ್ಪಿದ್ದರೂ, ಅದು ಸಹಿಸಿಕೊಂಡಿದ್ದ ಗುಲಾಮಗಿರಿಯನ್ನು ಖಂಡಿಸಿದರು.

1908ರ ಜನವರಿ. ಮಳೆಯಿಲ್ಲದೆ ಬರ ಬಿದ್ದಿತ್ತು. ತಮ್ಮಲ್ಲಿದ್ದ ಆಹಾರವನ್ನು ಹಸಿದವರಿಗೆ ಹಂಚಿದ್ದ ಸ್ವಾಮಿಯವರು ಕಾಯಿಲೆ ಬಿದ್ದು ಸಾವಿನಂಚಿಗೆ ಬಂದರು. ಜೊತೆಯಲ್ಲಿ ಮತ್ತೊಬ್ಬ ಕ್ರೈಸ್ತನಿಲ್ಲದ ಕಾರಣ ಅಂದಿನ ನಿಯಮದಂತೆ ಬಲಿಪೂಜೆ ಅರ್ಪಿಸಲೂ ಅವರಿಗೆ ಆಗುತ್ತಿರಲಿಲ್ಲ. ಆಗ ತುವಾರೆಗ್ ನೆರೆಯವರು, ತಮ್ಮ ಮಕ್ಕಳಿಗೇ ಹಾಲಿಲ್ಲದ ಹೊತ್ತಿನಲ್ಲಿ, ಸುತ್ತಲಿನ ಮೇಕೆಗಳಿಂದ ಸಿಕ್ಕಷ್ಟು ಹಾಲು ಕರೆದು ತಂದು ಕುಡಿಸಿ ಅವರನ್ನು ಬದುಕಿಸಿದರು. ಕೊಡಲೆಂದು ಬಂದವರು ಅಂದು ಕೈಯೊಡ್ಡಿದರು. ಸ್ನೇಹ ಆಳವಾದದ್ದು ಆಗಲೇ.

1916ರ ಡಿಸೆಂಬರ್ 1ರಂದು ಶಸ್ತ್ರಧಾರಿಗಳ ಗುಂಪೊಂದು ಅವರನ್ನು ಕಟ್ಟಿಹಾಕಿತು. ಕಾವಲಿದ್ದವನ ಗುಂಡಿಗೆ ಅವರು ಬಲಿಯಾದರು. ಹಾಗಾದರೆ ಆ ಸ್ನೇಹ ವ್ಯರ್ಥವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಗುಂಡು ಹಾರಿಸಿದವನೂ ಹಾಲು ತಂದವರೂ ಒಂದೇ ಧರ್ಮದವರು. ಒಬ್ಬನ ಕೃತ್ಯದ ಭಾರವನ್ನು ಎಲ್ಲರ ತಲೆಗೆ ಹೊರಿಸುವುದು ನ್ಯಾಯವಲ್ಲ. ತುವಾರೆಗರ ನಾಯಕ ಮೂಸಾ ಆಗ್ ಅಮಸ್ತಾನ್ ಈ ಸಾವಿಗೆ ಮರುಗಿ, ಸ್ವಾಮಿಯವರ ತಂಗಿಗೆ ಸಂತಾಪದ ಪತ್ರ ಬರೆದರು.

ತುವಾರೆಗರಲ್ಲಿ ಹೆಚ್ಚುಕಡಿಮೆ ಯಾರೂ ಕ್ರೈಸ್ತರಾಗಲಿಲ್ಲ. ಆದರೂ 2022ರ ಮೇ 15ರಂದು ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ನಮ್ಮ ನಾಡಿನ ದೇವಸಹಾಯಂ ಅವರೂ ಸಂತರಾದದ್ದು ಅದೇ ದಿನ.

ಪ್ರಿಯರೇ, ಆಸ್ಪತ್ರೆಯಲ್ಲಿ ನಮಗೆ ರಕ್ತ ಕೊಟ್ಟವರ ಧರ್ಮವನ್ನು ನಾವು ಕೇಳುವುದಿಲ್ಲ. ಮನೆಯಲ್ಲಿ ಸಾವಾದಾಗ ಮೊದಲು ಓಡಿಬರುವವರು ಪಕ್ಕದ ಮನೆಯವರೇ. ಯೇಸುಸ್ವಾಮಿಯೂ ಸಮಾರ್ಯದ ಸ್ತ್ರೀಯ ಬಳಿ ನೀರು ಕೇಳಿದರಲ್ಲವೇ? ಇಂದು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ, ನಿಮ್ಮ ಕಷ್ಟಕ್ಕೆ ಆದ ಒಬ್ಬ ಅನ್ಯಧರ್ಮೀಯರನ್ನು ಹೆಸರಿಟ್ಟು ನೆನೆಯಿರಿ. ನಾಳೆ ಅವರ ಬಾಗಿಲಿಗೆ ಹೋಗಿ ಕುಶಲ ವಿಚಾರಿಸಿರಿ.